ಪರದೆ ಮೇಲಿನ ಮರುಹೆಜ್ಜೆ

“ಮಾವ, ಈಗ ಕಣ್ಣು ಮಿಟುಕಿಸಬೇಡಿ,” ಎಂದಳು ಸೊಸೆ.

ಇನ್ಸ್‌ಪೆಕ್ಟರ್ ಮೂಗಿನ ತುದಿಗೆ ಜಾರಿದ್ದ ಕನ್ನಡಕವನ್ನು ಮೇಲಕ್ಕೆ ತಳ್ಳಿ, ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು. ಪರದೆಯ ಮೇಲೆ ರೆಕಾರ್ಡ್ ಮಾಡಿಟ್ಟಿದ್ದ ಫುಟ್‌ಬಾಲ್ ಸೆಮಿಫೈನಲ್ಲಿನ ಪೆನಾಲ್ಟಿ ಕಿಕ್. ಆಟಗಾರ ಚೆಂಡನ್ನು ಹುಲ್ಲಿನ ಮೇಲಿಟ್ಟು, ಹಿಂದಕ್ಕೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಗೋಲಿನ ಹಿಂದೆ, ಮೈದಾನದ ಅಂಚಿನುದ್ದಕ್ಕೂ ಹಾಕಿದ್ದ ಎಲ್‌ಇಡಿ ಪಟ್ಟಿಯಲ್ಲಿ ಕಿತ್ತಳೆ ಬಣ್ಣದ ಪಾನೀಯದ ಬಾಟಲಿ ಗಿರ್ರನೆ ತಿರುಗುತ್ತಿತ್ತು. ರೆಫರಿಯ ಸೀಟಿ ಕೇಳಿಸಿತು. ಬಾಟಲಿಯ ಬಾಯಿಂದ ಒಂದು ಹನಿ ಕೆಳಗೆ ಬಿತ್ತು. ಬಿದ್ದ ಜಾಗದಲ್ಲಿ ಪಾನೀಯದ ಹೆಸರು ಮೂಡಬೇಕಿತ್ತು. ಮೂಡಿದ್ದು ಬೇರೆ ಹೆಸರು.

ಮರುಹೆಜ್ಜೆ.

ಆಟಗಾರ ಓಡಿಬಂದು ಒದ್ದ. ಚೆಂಡು ಬಲೆಗೆ ಬಿತ್ತು. ಹೆಸರು ಮಾಯವಾಗಿ ಬಾಟಲಿ ಮತ್ತೆ ತಿರುಗತೊಡಗಿತು.

ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವ ಆ ಪುಟ್ಟ ವರ್ಕ್‌ಶಾಪಿನ ಹೆಸರನ್ನು ಯಾರೋ ಈ ಸಲದ ಲೀಗಿನುದ್ದಕ್ಕೂ ಪುಕ್ಕಟೆಯಾಗಿ ಟೀವಿಯಲ್ಲಿ ತೋರಿಸುತ್ತಿದ್ದರು. ಆ ಯಾರೋ ಯಾರು ಎಂದು ಹುಡುಕಿಕೊಡಿ ಎನ್ನುತ್ತ ವರ್ಕ್‌ಶಾಪಿನ ಒಡತಿಯೇ ಈ ಮಾವ-ಸೊಸೆಯ ಬಾಗಿಲಿಗೆ ಬಂದಿದ್ದರು.

ಇನ್ಸ್‌ಪೆಕ್ಟರ್ ನಿವೃತ್ತರಾದ ಮೇಲೂ ಬೀದಿಯವರ ಬಾಯಲ್ಲಿ ಇನ್ಸ್‌ಪೆಕ್ಟರಾಗಿಯೇ ಉಳಿದಿದ್ದರು. ಹೆಂಡತಿ ತೀರಿಕೊಂಡ ವರ್ಷ ಅವರು ಮಾತು ಕಡಿಮೆ ಮಾಡಿ, ಊಟ ಕಡಿಮೆ ಮಾಡಿ, ಕೊನೆಗೆ ಹೊರಗೆ ಹೋಗಲು ಚಪ್ಪಲಿ ಮೆಟ್ಟುವುದನ್ನೇ ಬಿಟ್ಟಿದ್ದರು. ಮಗ ಹಡಗಿನ ಕೆಲಸದವನು, ಮನೆಗಿಂತ ಸಮುದ್ರದ ಮೇಲೆಯೇ ಹೆಚ್ಚು. ಮಾವನನ್ನು ಎಬ್ಬಿಸಿ ನಿಲ್ಲಿಸಿದ್ದು ಸೊಸೆ. ಅವಳು ಮದುವೆಗೆ ಮೊದಲಿನಿಂದಲೂ ಕ್ರೀಡಾ ಚಾನೆಲ್ಲಿನಲ್ಲಿದ್ದವಳು. ಮೈದಾನದ ಹೊರಗೆ ನಿಲ್ಲುವ ಪ್ರಸಾರದ ವ್ಯಾನಿನೊಳಗೆ ಕೂತು ರೀಪ್ಲೇ ಕೊಡುವುದು ಅವಳ ಕೆಲಸ. ಆ ಚಾನೆಲ್ ಮುಚ್ಚಿದ ದಿನ ಮನೆಗೆ ಬಂದು, ನೀವೂ ಖಾಲಿ ನಾನೂ ಖಾಲಿ, ಏನಾದರೂ ಶುರು ಮಾಡೋಣ ಮಾವ ಎಂದಿದ್ದಳು. ಹಾಗೆ ಮುಂದಿನ ಕೋಣೆ ಪತ್ತೇದಾರಿ ಕಚೇರಿಯಾಯಿತು. ಅದಕ್ಕಾಗಿ ಮಾವ ಅವಳಿಗೆ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಬೆಳಿಗ್ಗೆ ಅವಳಿಗಿಂತ ಮೊದಲೆದ್ದು ಕಾಫಿ ಮಾಡಿ, ಅವಳ ಲೋಟದ ಮೇಲೆ ತಟ್ಟೆ ಮುಚ್ಚಿಡುತ್ತಿದ್ದರು, ಅಷ್ಟೆ.

ಇಡೀ ಸರ್ವೀಸಿನಲ್ಲಿ ಅವರ ಮುಂದೆ ಬಂದು ಕೂತವರೆಲ್ಲ ಕೇಡು ಮಾಡಿದವರನ್ನು ಹುಡುಕಿಕೊಡಿ ಎಂದೇ ಕೇಳಿದ್ದರು. ಒಳ್ಳೆಯದು ಮಾಡಿದವರನ್ನು ಹುಡುಕಿಕೊಡಿ ಎಂದವರು ಈ ಹೆಂಗಸು ಒಬ್ಬರೇ.

ಎಲ್ಲರೂ ಅವರನ್ನು ಕಾಲಮ್ಮ ಎನ್ನುತ್ತಿದ್ದರು. ವಯಸ್ಸಾಗಿತ್ತು, ಉಗುರಿನ ಸಂದಿಯಲ್ಲಿ ಸದಾ ಪ್ಲಾಸ್ಟರಿನ ಬಿಳಿ. ಸ್ಟೇಡಿಯಮ್ಮಿನ ಗೋಡೆಗೆ ಅಂಟಿಕೊಂಡಂತಿದ್ದ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ಅವರ ವರ್ಕ್‌ಶಾಪು, ಛಾವಣಿಯ ಮೇಲೆ ಬಣ್ಣದಲ್ಲಿ ಬರೆದ ಬೋರ್ಡು. ಆ ಬೋರ್ಡಿನ ಮುಖ ಮೈದಾನದ ಕಡೆಗಿದ್ದುದರಿಂದ ಬೀದಿಯಲ್ಲಿ ಹೋಗುವವರಿಗೆ ಅದು ಕಾಣುತ್ತಲೇ ಇರಲಿಲ್ಲ. ಜನ ಬರುವುದು ನಿಂತು, ಇನ್ನು ಬೀಗ ಹಾಕೋಣ ಎಂದು ಅವರು ತೀರ್ಮಾನಿಸಿದ ಹೊತ್ತಿಗೆ ಆ ಬೋರ್ಡು ಟೀವಿಯಲ್ಲಿ ಬರತೊಡಗಿತು. ಗೋಲಿನ ಮೇಲೆ ಚೆಂಡು ಹಾರಿದಾಗಲೆಲ್ಲ ಕ್ಯಾಮೆರಾ ಚೆಂಡಿನ ಬೆನ್ನು ಹತ್ತಿ ಮೇಲೆ ಹೋಗಿ, ಬೋರ್ಡಿನ ಮೇಲೆ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಿತ್ತು. ಫೋನುಗಳು ಬಂದವು. ಆಮೇಲೆ ಜನರೇ ಬಂದರು. ಲಾರಿ ಡ್ರೈವರೊಬ್ಬ ಬಂದ, ಡ್ಯಾನ್ಸ್ ಟೀಚರೊಬ್ಬಳು ಬಂದಳು. ಈಗ ಕಾರಿಡಾರಿನಲ್ಲಿ ಕೂರಲು ಬೆಂಚು ಸಾಲದು.

“ಅವರು ಯಾರೇ ಆಗಿರಲಿ, ಒಂದು ಸಲ ಕೈ ಹಿಡ್ಕೊಂಡು ಒಂದು ಮಾತು ಹೇಳ್ಬೇಕು,” ಎಂದಿದ್ದರು ಕಾಲಮ್ಮ. “ಹೇಳದೆ ಹೋದ್ರೆ ನನಗೆ ಊಟ ಸೇರಲ್ಲ.”

ಆದರೆ ಮೈದಾನದೊಳಗಿನ ಜಾಹೀರಾತಿನ ಜಾಗದ ಹೆಚ್ಚಿನ ಪಾಲನ್ನು ಪಾನೀಯದ ಕಂಪನಿ ಕೊಂಡಿತ್ತು. ಪ್ರತಿ ಪಂದ್ಯದಲ್ಲಿ ಯಾವ ಕಂಪನಿಯ ಹೆಸರು ಪರದೆಯ ಮೇಲೆ ಎಷ್ಟು ಹೊತ್ತು ಕಂಡಿತು ಎಂದು ಲೆಕ್ಕ ಹಾಕುವ ಸಾಫ್ಟ್‌ವೇರು ಅವರ ಹತ್ತಿರವಿತ್ತು. ಅದರಲ್ಲಿ ಮರುಹೆಜ್ಜೆ ಅನ್ನುವ ಹೆಸರು ಒಂದು ಪೇಂಟ್ ಕಂಪನಿಯನ್ನೂ ಒಂದು ಟೈರ್ ಕಂಪನಿಯನ್ನೂ ಹಿಂದೆ ಹಾಕಿ ಕೂತಿತ್ತು. ಕಂಪನಿ ಕಾಲಮ್ಮನಿಗೆ ನೋಟಿಸ್ ಕಳಿಸಿತು. ಅದರ ಮೇಲೆ ಸೆಮಿಫೈನಲ್ಲಿನಲ್ಲಿ ಈ ಪೆನಾಲ್ಟಿಯ ಅವಾಂತರ. ಕಂಪನಿಯ ಚೇರ್ಮನ್ನರು ಕೆಂಡಾಮಂಡಲವಾಗಿ, ಫೈನಲ್ಲಿನೊಳಗೆ ಕಳ್ಳ ಸಿಗಬೇಕು ಎಂದಿದ್ದರು. ಅನುಮಾನದ ಮೇಲೆ ಪಂದ್ಯ ಪ್ರಸಾರ ಮಾಡುವ ಚಾನೆಲ್ಲಿನವರು ಒಬ್ಬ ಕ್ಯಾಮೆರಾಮನ್ನನ್ನು ಆಗಲೇ ಕೆಲಸದಿಂದ ದೂರ ಇಟ್ಟಿದ್ದರು. ಫೈನಲ್ ಭಾನುವಾರ. ಇವತ್ತು ಶುಕ್ರವಾರ.

ಸೊಸೆ ಚಿತ್ರವನ್ನು ಹಿಂದಕ್ಕೆ ಓಡಿಸಿ ನಿಲ್ಲಿಸಿದಳು. ಅವಳಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಲೀಗ್ ಪಂದ್ಯಗಳಲ್ಲಿ ಛಾವಣಿಯ ಬೋರ್ಡು ತೋರಿಸಿದ್ದು ಯಾವಾಗಲೂ ಒಂದೇ ಕ್ಯಾಮೆರಾ, ಎದುರು ಗೋಲಿನ ಹಿಂದೆ ಎತ್ತರದಲ್ಲಿ ಕೂರುವುದು. ಮೇಲೆ ಹೋಗುವಾಗ ಮೆಲ್ಲಗೆ, ಇಳಿಯುವಾಗ ಇನ್ನೂ ಮೆಲ್ಲಗೆ, ಅದೇ ಕೈ. ಸೆಮಿಫೈನಲ್ಲಿನಲ್ಲಿ ಆ ಕ್ಯಾಮೆರಾ ಒಂದು ಸಲವೂ ತಲೆ ಎತ್ತಿರಲಿಲ್ಲ. ಎಲ್‌ಇಡಿಯಲ್ಲಿ ಬರುವ ಚಿತ್ರಕ್ಕೂ ಕ್ಯಾಮೆರಾಕ್ಕೂ ಸಂಬಂಧವೇ ಇಲ್ಲ.

“ಇಬ್ಬರಿದ್ದಾರೆ ಮಾವ,” ಎಂದಳು. “ಒಬ್ಬರಲ್ಲ.”

ಇನ್ಸ್‌ಪೆಕ್ಟರ್ ಚಪ್ಪಲಿ ಹಾಕಿಕೊಂಡರು.

ಕ್ಯಾಮೆರಾಮನ್ನನ ಮನೆಯ ಬಾಗಿಲು ತೆಗೆದವರು ಅವನ ಅಪ್ಪ. ಎತ್ತರದ ಆಳು, ಒಂದು ಕಾಲಕ್ಕೆ ವಿದ್ಯುತ್ ಕಂಬ ಹತ್ತುತ್ತಿದ್ದ ಲೈನ್‌ಮನ್. ಎಡಗಾಲು ನೆಲಕ್ಕೆ ತಾಗಿದಾಗ ಟಕ್ಕೆಂದು ಮರದಂಥ ಸದ್ದು ಬರುತ್ತಿತ್ತು. ಇನ್ಸ್‌ಪೆಕ್ಟರ್ ಆ ಸದ್ದು ಕೇಳಿ ಸೊಸೆಯ ಮುಖ ನೋಡಿದರು. ಸೊಸೆ ಆಗಲೇ ನೋಡಿಯಾಗಿತ್ತು.

ಮಗ ಯಾಕೆ ಸೀಸನ್ ನಡುವೆ ಮನೆಯಲ್ಲಿ ಕೂತಿದ್ದಾನೆ ಎಂದು ಯಜಮಾನರಿಗೆ ಗೊತ್ತಿರಲಿಲ್ಲ. ರಜೆ ಅಂತಾನೆ, ಮುಖ ನೋಡಿದರೆ ರಜೆಯ ಹಾಗಿಲ್ಲ, ನೀವಾದರೂ ಕೇಳಿ ಎಂದು ಅವರು ಬಂದವರ ಹತ್ತಿರವೇ ದೂರು ಹೇಳಿಕೊಂಡರು. ಮಗನನ್ನು ಕರೆದು, ಟೀ ಮಾಡುವುದಕ್ಕೆ ತಾವೇ ಒಳಗೆ ಹೋದರು.

ಮಗ ಸುತ್ತಿ ಬಳಸಿ ಮಾತಾಡಲಿಲ್ಲ. ಛಾವಣಿಯ ಬೋರ್ಡು ತೋರಿಸಿದ್ದು ತಾನೇ ಎಂದು ಒಪ್ಪಿಕೊಂಡ. ಕಂಬದಿಂದ ಬಿದ್ದ ಮೇಲೆ ಅಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರಂತೆ. ಯಾರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಕಾಲಮ್ಮ ಮನೆಗೇ ಬಂದು, ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಅಳತೆ ತೆಗೆದುಕೊಂಡರು. ಕಾಲು ತಯಾರಾದ ಮೇಲೆ ಅಪ್ಪ ಅದನ್ನು ಹಾಕಿಕೊಳ್ಳುವುದಿಲ್ಲ ಎಂದು ಹಟ ಹಿಡಿದರು. ಕಾಲಮ್ಮ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ದಿನಾ ಸಂಜೆ ಬಂದು, ಅಪ್ಪನ ಜೊತೆ ಹಳೆಯ ಕೆಲಸದ ವಿಷಯ ಮಾತಾಡಿ ಹೋಗುತ್ತಿದ್ದರು. ಒಂದು ದಿನ ಕರೆಂಟು ಹೋಯಿತು. ಫ್ಯೂಸ್ ನೋಡೋರು ಯಾರಿದ್ದಾರೆ ಈ ಮನೇಲಿ ಎಂದು ಕಾಲಮ್ಮ ಸುಮ್ಮನೆ ಕೇಳಿದರು. ಅಪ್ಪ ಎದ್ದು ಕೂತು, ಆ ಕಾಲು ಇತ್ತ ಕೊಡಿ ಎಂದರಂತೆ.

“ಅವತ್ತು ಅಪ್ಪ ಗೋಡೆ ಹಿಡ್ಕೊಂಡು ಫ್ಯೂಸ್ ಹತ್ರ ಹೋಗಿದ್ದನ್ನ ನಾನು ನೋಡ್ದೆ ಸಾರ್,” ಎಂದ ಮಗ. “ನಾನು ಕ್ಯಾಮೆರಾದವನು. ನನ್ನ ಹತ್ರ ಕೊಡೋಕೆ ಇನ್ನೇನಿತ್ತು?”

ಸೆಮಿಫೈನಲ್ಲಿಗೆ ಮೊದಲು ಪ್ರಸಾರದ ನಿರ್ದೇಶಕರು ಕರೆದು, ಚೆಂಡು ಆಕಾಶಕ್ಕೆ ಹೋದರೂ ನೀನು ಹೋಗಬೇಡ ಎಂದು ತಾಕೀತು ಮಾಡಿದ್ದರಂತೆ. ಅವನು ಹೋಗಿರಲಿಲ್ಲ. ಎಲ್‌ಇಡಿಯ ವಿಷಯ ತನಗೆ ತಲೆಬುಡ ಗೊತ್ತಿಲ್ಲ ಎಂದ. ಆ ಹೆಸರು ಕ್ಯಾಮೆರಾದ ಕಣ್ಣಿಗೆ ಬಿದ್ದಾಗ ತನ್ನ ಕೈಯೇ ನಡುಗಿತು, ಬೇಕಾದರೆ ಆ ಶಾಟ್ ನೋಡಿ ಎಂದ. ಸೊಸೆ ನೋಡಿದ್ದಳು. ಚಿತ್ರ ನಡುಗಿತ್ತು.

ತಟ್ಟೆಯಲ್ಲಿ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಲೋಟಗಳನ್ನು ಒಂದೊಂದಾಗಿ ಕೊಟ್ಟರು. ಮಗನ ಲೋಟ ಕೊಡುವಾಗ ಮಾತ್ರ ಅವನ ತಲೆಯ ಮೇಲೆ ಕೈಯಿಟ್ಟು ಅಲ್ಲೇ ನಿಂತರು.

“ಈ ಕಾಲಿಗೋಸ್ಕರ ಕೆಲಸ ಕಳ್ಕೊಂಡ್ಯಾ?” ಎಂದರು ಮೆಲ್ಲಗೆ. ಮಗ ತಲೆ ಬಗ್ಗಿಸಿಕೊಂಡು ಟೀ ಕುಡಿದ.

ಬೀದಿಗೆ ಇಳಿದ ಮೇಲೆ ಇನ್ಸ್‌ಪೆಕ್ಟರ್ ಬಿರಬಿರನೆ ನಡೆದರು. ಬಸ್‌ಸ್ಟಾಪಿನಲ್ಲಿ ನಿಂತು, ಈ ಹುಡುಗನ ಕೆಲಸ ಉಳಿಸದೆ ಕೇಸು ಮುಗಿಯಿತು ಎಂದು ನಾನು ಹೇಳುವುದಿಲ್ಲ ನೋಡಮ್ಮ ಎಂದರು. ಸೊಸೆ ಅದನ್ನೇ ಯೋಚಿಸುತ್ತಿದ್ದಳು. ಎಲ್‌ಇಡಿಯವರು ಸಿಕ್ಕರೆ ಕ್ಯಾಮೆರಾದವನು ತಪ್ಪಿಸಿಕೊಳ್ಳಬಹುದು. ಚೆಂಡಿನ ಹಿಂದೆ ಹೋದೆ ಎಂದರೆ ಅವನನ್ನು ಯಾರೂ ಏನೂ ಮಾಡುವಂತಿಲ್ಲ.

ಅಲ್ಲಿಂದ ಅವರು ಕಾಲಮ್ಮನ ವರ್ಕ್‌ಶಾಪಿಗೆ ಹೋದರು. ಕಾರಿಡಾರಿನ ಬೆಂಚಿನ ತುಂಬ ಜನ. ಒಳಗೆ ಗೋಡೆಗೆ ಸಾಲಾಗಿ ಆನಿಸಿಟ್ಟ ಕಾಲುಗಳು, ಕೆಲವಕ್ಕೆ ಬೂಟು, ಒಂದಕ್ಕೆ ಹೆಂಗಸರ ಚಪ್ಪಲಿ. ಡ್ಯಾನ್ಸ್ ಟೀಚರು ಎರಡು ಕಬ್ಬಿಣದ ಕಂಬಿಗಳ ನಡುವೆ ಹೆಜ್ಜೆ ಹಾಕುತ್ತಿದ್ದಳು. ಕಾಲಮ್ಮ ನೆಲದ ಮೇಲೆ ಕೂತು ಅವಳ ಮಂಡಿಯನ್ನಲ್ಲ, ಮುಖವನ್ನಲ್ಲ, ಹಿಮ್ಮಡಿಯನ್ನೇ ನೋಡುತ್ತಿದ್ದರು. ಬಂದವರನ್ನು ಕಂಡು ಕೈ ಒರೆಸಿಕೊಂಡು ಎದ್ದರು. ಸಿಕ್ಕರಾ ಎಂದು ಕೇಳಿದರು.

ಅರ್ಧ ಸಿಕ್ಕಿದ್ದಾರೆ ಎಂದರು ಇನ್ಸ್‌ಪೆಕ್ಟರ್. ಪೂರ್ತಿ ಸಿಗುವ ತನಕ ಅರ್ಧವನ್ನು ಹೇಳುವುದಿಲ್ಲ ಎಂದೂ ಸೇರಿಸಿದರು. ಕಾಲಮ್ಮ ನಕ್ಕು, ನನ್ನ ಹತ್ತಿರ ಬರೋರೂ ಅರ್ಧ ಕಾಲು ತಗೊಂಡು ಹೋಗಲ್ಲ ಬಿಡಿ ಎಂದರು.

ಸೊಸೆ ಪೆನಾಲ್ಟಿಯ ಚಿತ್ರವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಪ್ರಿಂಟ್ ತಂದಿದ್ದಳು. ಛಾವಣಿಯ ಬೋರ್ಡಿನಲ್ಲಿ ಹೆಸರಿನ ಕೆಳಗೆ ಒಂದು ಬೂಟಿನ ಚಿತ್ರವಿತ್ತು. ಎಲ್‌ಇಡಿಯಲ್ಲಿ ಬಂದ ಹೆಸರಿನ ಕೆಳಗೆ ಬೂಟು ಇರಲಿಲ್ಲ. ಎರಡು ಪಾದದ ಗುರುತುಗಳಿದ್ದವು, ಒಂದು ತುಂಬಿದ್ದು, ಇನ್ನೊಂದು ಬರೀ ಗೆರೆಯದು. ಇದು ಯಾಕೆ ಬೇರೆ ಎಂದು ಅವಳು ಕೇಳಿದಳು.

ಕಾಲಮ್ಮ ಕಾಗದವನ್ನು ಕೈಗೆ ತೆಗೆದುಕೊಂಡರು. ಇದುವರೆಗೆ ಅವರು ಅದನ್ನು ಟೀವಿಯಲ್ಲಿ ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ನೋಡಿದ್ದರು, ಹೆಸರು ಮಾತ್ರ ಓದಿದ್ದರು. ಈಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರ ಮುಖದಲ್ಲಿದ್ದ ನಗು ನಿಧಾನವಾಗಿ ಎಲ್ಲಿಗೋ ಹೋಯಿತು.

ಅದು ಮೊದಲನೇ ಬೋರ್ಡಿನ ಚಿತ್ರ ಎಂದರು. ವರ್ಕ್‌ಶಾಪು ತೆರೆದಾಗ ಬೇರೆ ಬೀದಿಯಲ್ಲಿತ್ತು, ಆಗಿನ ಬೋರ್ಡು. ಅದು ಈಗಿಲ್ಲ. ಅದನ್ನು ನೋಡಿದವರು ಈಗ ಯಾರೂ ಇರಲಾರರು. ಯಾರು ಬರೆದದ್ದು ಎಂದು ಇನ್ಸ್‌ಪೆಕ್ಟರ್ ಕೇಳಿದಾಗ, ಅವರು ಡ್ಯಾನ್ಸ್ ಟೀಚರಿನ ಕಡೆ ತಿರುಗಿ, ಭಾರ ಎರಡೂ ಕಾಲಿನ ಮೇಲೆ ಹಾಕಮ್ಮ ಎಂದರು. ಕಾಗದವನ್ನು ಮಾತ್ರ ವಾಪಸ್ ಕೊಡಲಿಲ್ಲ.

ಸ್ಟೇಡಿಯಮ್ಮಿನ ಎಲ್‌ಇಡಿ ಕೋಣೆ ಪಕ್ಕದ ಗೇಟಿನಲ್ಲೇ ಇತ್ತು. ಅಲ್ಲಿಯ ಆಪರೇಟರು ಬೊಕ್ಕತಲೆಯ, ಹೊಟ್ಟೆ ಬಂದ ಮನುಷ್ಯ. ಸೊಸೆಗೆ ಹಳೆಯ ಪರಿಚಯ. ಪೆನಾಲ್ಟಿ ದಿನದಿಂದ ತನ್ನನ್ನು ಎಲ್ಲರೂ ಕಳ್ಳನ ಹಾಗೆ ನೋಡುತ್ತಿದ್ದಾರೆ, ಹೆಂಡತಿಯೂ ಒಂದು ಸಲ ಕೇಳಿದಳು ಎಂದು ಗೋಳು ತೋಡಿಕೊಂಡ. ತಾನು ಮಾಡುವುದು ಇಷ್ಟೇ: ಕಂಪನಿಗಳು ತಮ್ಮ ಜಾಹೀರಾತಿನ ಫಿಲ್ಮು ಕಳಿಸುತ್ತವೆ, ಪ್ರಸಾರದ ವ್ಯಾನಿನವರು ಹೇಳಿದಾಗ ತಾನು ಓಡಿಸುತ್ತಾನೆ. ಪೆನಾಲ್ಟಿ ಸಿಕ್ಕರೆ ಓಡಿಸಬೇಕಾದ ಫಿಲ್ಮು ಎಂದು ಪಾನೀಯದ ಕಂಪನಿ ಮೊದಲೇ ಒಂದನ್ನು ಬೇರೆ ಮಾಡಿ ಕಳಿಸಿತ್ತು.

ಅದು ಇನ್ನೂ ಮೆಷಿನ್ನಿನಲ್ಲಿದೆಯಾ ಎಂದು ಸೊಸೆ ಕೇಳಿದಳು. ಇತ್ತು. ಬಂದು ನೋಡಿದ ಕಂಪನಿಯ ಜನ ಯಾರು ಮುಟ್ಟಿದರು ಎಂದು ಕೂಗಾಡಿದ್ದರೇ ಹೊರತು, ಫಿಲ್ಮನ್ನು ನಿಧಾನವಾಗಿ ಓಡಿಸಿ ಯಾರೂ ನೋಡಿರಲಿಲ್ಲ. ಸೊಸೆ ಓಡಿಸಿದಳು. ಬಾಟಲಿ ತಿರುಗಿತು. ಹನಿ ಬಿತ್ತು. ಬೀಳುತ್ತ ಬೀಳುತ್ತ ಹನಿ ಉದ್ದವಾಯಿತು, ಅದಕ್ಕೆ ಬೆರಳುಗಳು ಮೂಡಿದವು, ಪಾದವಾಯಿತು, ಪಾದದ ಪಕ್ಕದಲ್ಲಿ ಗೆರೆಯ ಪಾದ ಬಂತು, ಮೇಲೆ ಹೆಸರು ಬಂತು. ನಡುವೆ ತೂರಿಸಿದ ಗುರುತು ಎಲ್ಲೂ ಇಲ್ಲ. ಕಿತ್ತಳೆಯ ಅದೇ ಬಣ್ಣ, ಅದೇ ಹೊಳಪು.

ಅವಳು ಮಾವನ ಕಡೆ ತಿರುಗಿ, ಇದನ್ನು ಇಲ್ಲಿ ಯಾರೂ ತಿದ್ದಿಲ್ಲ ಎಂದಳು. ಆ ಬಾಟಲಿ, ಆ ಹನಿಯ ಮೂಲ ಚಿತ್ರ ಕೈಯಲ್ಲಿದ್ದವರು ಕೂತು, ಅಕ್ಕರೆಯಿಂದ ಮಾಡಿದ್ದು. ಅದು ಇರುವುದು ಒಂದೇ ಕಡೆ.

ಪಾನೀಯದ ಕಂಪನಿಯ ಕಟ್ಟಡ ಗಾಜಿನದು. ಕೆಳಗೆ ರಿಸೆಪ್ಷನ್ನಿನಲ್ಲಿ ಕಿತ್ತಳೆ ಬಣ್ಣದ ಸೋಫಾ, ಕಿತ್ತಳೆ ಬಣ್ಣದ ಪೆನ್ನು. ಬ್ರ್ಯಾಂಡ್ ಮುಖ್ಯಸ್ಥೆಯ ಕೋಣೆ ಮೇಲಿನ ಅಂತಸ್ತಿನಲ್ಲಿ. ನಡುವಯಸ್ಸಿನ ಹೆಂಗಸು, ಕೂದಲು ಗಿಡ್ಡ, ಮಾತು ಚುರುಕು. ನೋಟಿಸಿಗೆ ಸಹಿ ಹಾಕಿದ್ದವರು ಇವರೇ. ಕಾಲಮ್ಮನ ಕಡೆಯಿಂದ ಬಂದಿದ್ದೇವೆ ಎಂದಾಗ, ಕಳ್ಳ ಸಿಕ್ಕನೇ ಎಂದಷ್ಟೇ ಕೇಳಿ, ಗೋಡೆಯ ಮೇಲಿನ ದೊಡ್ಡ ಪರದೆಗೆ ಬೆನ್ನು ಹಾಕಿ ಕೂತರು.

ಸೊಸೆ ಲ್ಯಾಪ್‌ಟಾಪ್ ತೆರೆದು ಫಿಲ್ಮನ್ನು ನಿಧಾನವಾಗಿ ಓಡಿಸಿದಳು. ಹನಿ ಪಾದವಾಗುವುದನ್ನು ಮುಖ್ಯಸ್ಥೆ ಮುಂದಕ್ಕೆ ಬಾಗಿ ನೋಡಿದರು.

“ಚೆನ್ನಾಗಿ ಮಾಡಿದ್ದಾರೆ,” ಎಂದರು ಆಮೇಲೆ.

“ಹೌದು ಮೇಡಂ. ಮಾಡಿದವರಿಗೆ ಇದರ ಮೇಲೆ ತುಂಬಾ ಪ್ರೀತಿ ಇದೆ,” ಎಂದಳು ಸೊಸೆ. “ಈ ಹನಿಯ ಮೂಲ ಚಿತ್ರ ನಿಮ್ಮ ಈ ಅಂತಸ್ತು ಬಿಟ್ಟು ಹೊರಗೆ ಹೋಗಿಲ್ಲ.”

ನಮ್ಮಲ್ಲಿ ತುಂಬ ಜನ ಕೆಲಸ ಮಾಡುತ್ತಾರೆ ಎಂದರು ಮುಖ್ಯಸ್ಥೆ.

ಇನ್ಸ್‌ಪೆಕ್ಟರ್ ಇಲ್ಲಿಯವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಈಗ ಗಂಟಲು ಸರಿ ಮಾಡಿಕೊಂಡರು. ಕೋರ್ಟು ಕಚೇರಿಯಲ್ಲಿ ನಾನು ಬೇಕಾದಷ್ಟು ನೋಟಿಸುಗಳನ್ನು ಓದಿದ್ದೇನೆ ಮೇಡಂ ಎಂದು ಶುರು ಮಾಡಿದರು. ಕಾಲಮ್ಮನಿಗೆ ಬಂದಿರುವಂಥದನ್ನು ಮಾತ್ರ ನೋಡಿಲ್ಲ. ಬೋರ್ಡು ತೆಗೆಯಿರಿ ಎಂದಿಲ್ಲ. ನಷ್ಟ ಕಟ್ಟಿಕೊಡಿ ಎಂದಿಲ್ಲ. ಏನೂ ಕೇಳದ ನೋಟಿಸು. ಆದರೆ ಅದು ಕಾಲಮ್ಮನ ಕೈ ಸೇರುವ ಮೊದಲೇ ಪೇಪರಿನವರ ಕೈ ಸೇರಿತ್ತು.

“ಇಷ್ಟು ದೊಡ್ಡ ಕಂಪನಿ ಕಾಲು ಮಾಡಿಕೊಡೋ ಒಬ್ಬ ವಯಸ್ಸಾದ ಹೆಂಗಸಿನ ಮೇಲೆ ಬಿತ್ತು ಅಂದ್ರೆ ಯಾರಾದ್ರೂ ಬರೀದೆ ಇರ್ತಾರಾ? ಟೀವಿ ನೋಡದೋರಿಗೂ ಆ ಹೆಸರು ಗೊತ್ತಾಯ್ತು. ಅವರ ಕಾರಿಡಾರ್ ತುಂಬಿದ್ದು ಆ ವಾರ.” ಅವರು ದನಿ ಏರಿಸಲಿಲ್ಲ. “ಹೆಸರು ಹೇಗೆ ಹರಡುತ್ತೆ ಅನ್ನೋದು ನಿಮ್ಮ ಕಸುಬು. ಇದು ನಿಮಗೆ ಗೊತ್ತಿಲ್ಲದೆ ಆಯ್ತು ಅಂತ ಹೇಳ್ಬೇಡಿ.”

ಮುಖ್ಯಸ್ಥೆ ಎದ್ದುಹೋಗಿ ಗಾಜಿನ ಬಾಗಿಲು ಹಾಕಿದರು. ವಾಪಸ್ ಬಂದು ಕೂತಾಗ ಚುರುಕು ಮಾತಿನ ಹೆಂಗಸು ಬಾಗಿಲ ಆಚೆಯೇ ಉಳಿದಂತಿತ್ತು.

ಛಾವಣಿಯ ಬೋರ್ಡನ್ನು ತಾವು ಮೊದಲು ನೋಡಿದ್ದು ಸಾಫ್ಟ್‌ವೇರಿನ ಪಟ್ಟಿಯಲ್ಲಿ ಎಂದರು. ವರ್ಕ್‌ಶಾಪು ಇನ್ನೂ ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಯಾರೋ ಕ್ಯಾಮೆರಾದವರು ಕೆಲಸವನ್ನೇ ಪಣಕ್ಕಿಟ್ಟು ಆ ಹೆಸರನ್ನು ತೋರಿಸುತ್ತಿದ್ದಾರೆ, ನಾನು ಇಷ್ಟು ದೊಡ್ಡ ಜಾಗದಲ್ಲಿ ಕೂತು ಲೆಕ್ಕ ಹಾಕುತ್ತಿದ್ದೇನೆ ಅನ್ನಿಸಿತು ಎಂದರು. ನೋಟಿಸು ಅವರೇ ಮಾಡಿದ್ದು. ಚೇರ್ಮನ್ನರಿಗೆ ಅದು ಬೆದರಿಕೆಯಾಗಿ ಕಂಡಿತು, ಪೇಪರಿನವರಿಗೆ ಸುದ್ದಿಯಾಗಿ. ಆಮೇಲೆ ನಿರ್ದೇಶಕರು ಕ್ಯಾಮೆರಾಕ್ಕೆ ಲಗಾಮು ಹಾಕಿದರು.

“ಸೆಮಿಫೈನಲ್ಲಲ್ಲಿ ಅದು ಕಾಣದೆ ಹೋಗ್ತಿತ್ತು,” ಎಂದರು. “ಅತಿ ಹೆಚ್ಚು ಜನ ನೋಡೋ ದಿನ. ನನಗೆ ತಡೆಯೋಕಾಗ್ಲಿಲ್ಲ.”

“ಮತ್ತೆ ಆ ಹುಡುಗ?” ಎಂದಳು ಸೊಸೆ. “ನೀವು ಮಾಡಿದ್ದಕ್ಕೆ ಅವನು ಮನೇಲಿ ಕೂತಿದ್ದಾನೆ.”

ಕ್ಯಾಮೆರಾಮನ್ನನ್ನು ಕೆಲಸದಿಂದ ಇಳಿಸಿದ ವಿಷಯ ಮುಖ್ಯಸ್ಥೆಗೆ ತಿಳಿದಿರಲಿಲ್ಲ. ಅದು ಚಾನೆಲ್ಲಿನ ತೀರ್ಮಾನ; ಕಂಪನಿಯ ಪರವಾಗಿ ಚೇರ್ಮನ್ನರೇ ನೇರ ಮಾತಾಡಿದ್ದರು. ಸೊಸೆ ಆ ಅಪ್ಪ ಟೀ ತಂದು ಬಾಗಿಲಲ್ಲಿ ನಿಂತದ್ದನ್ನು ಹೇಳಿದಳು. ಮುಖ್ಯಸ್ಥೆ ಕೇಳಿ ಮುಗಿಸಿ, ಫೋನೆತ್ತಿ, ಇವರೆದುರೇ ಚೇರ್ಮನ್ನರಿಗೆ ವಿಷಯ ಹೇಳಿದರು. ಫಿಲ್ಮು ಮಾಡಿದ್ದು ನಾನು, ಬೇರೆ ಯಾರ ಕೈವಾಡವೂ ಇಲ್ಲ, ಕ್ಯಾಮೆರಾದವರನ್ನು ಫೈನಲ್ಲಿಗೆ ಕರೆಸದಿದ್ದರೆ ಇದನ್ನು ನಾನೇ ಪೇಪರಿನವರಿಗೆ ಹೇಳಬೇಕಾಗುತ್ತದೆ ಎಂದರು. ಆ ಕಡೆಯಿಂದ ಚೇರ್ಮನ್ನರು ಏನೋ ಹೇಳಿದರು. ಮುಖ್ಯಸ್ಥೆ ಆಗಲಿ ಎಂದು ಫೋನಿಟ್ಟರು.

“ಅವರು ಭಾನುವಾರ ಕ್ಯಾಮೆರಾ ಹಿಂದೆ ಇರ್ತಾರೆ,” ಎಂದರು. “ನಾನು ಸೋಮವಾರ ಇಲ್ಲಿ ಇರೋದಿಲ್ಲ. ಅದು ಸರಿಯಾಗೇ ಇದೆ.”

ಇನ್ಸ್‌ಪೆಕ್ಟರ್ ಕುರ್ಚಿಗೆ ಬೆನ್ನು ಆನಿಸಿದರು. ಸೊಸೆ ಆಗಲೇ ಮೇಜಿನ ಕೆಳಗೆ ಫೋನು ಹಿಡಿದು ಕ್ಯಾಮೆರಾಮನ್ನಿಗೆ ಸುದ್ದಿ ಕಳಿಸುತ್ತಿದ್ದಳು. ಉತ್ತರ ಅವನಿಂದ ಬರಲಿಲ್ಲ, ಅಪ್ಪನಿಂದ ಬಂತು. ತಾಯಿ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದಷ್ಟೇ ಇತ್ತು. ಅವಳು ಅದನ್ನು ಮಾವನಿಗೆ ತೋರಿಸಿದಳು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ನು ಉಳಿದದ್ದು ಒಳ್ಳೆಯ ಕೆಲಸ ಎಂದುಕೊಂಡರು ಇನ್ಸ್‌ಪೆಕ್ಟರ್. ಕಾಲಮ್ಮ ಹುಡುಕುತ್ತಿದ್ದ ಇಬ್ಬರೂ ಸಿಕ್ಕಿದ್ದರು. ನಮ್ಮ ಜೊತೆ ಬನ್ನಿ ಮೇಡಂ ಎಂದು ಕರೆದರು. ಅವರು ಊಟ ಬಿಟ್ಟು ಕಾಯುತ್ತಿದ್ದಾರೆ, ನಿಮ್ಮ ಕೈ ಹಿಡಿದುಕೊಳ್ಳಬೇಕು ಎನ್ನುವುದು ಬಿಟ್ಟು ಅವರಿಗೆ ಇನ್ನೇನೂ ಬೇಡ ಎಂದರು.

ಮುಖ್ಯಸ್ಥೆಯ ಮುಖ ಬಿಳಿಚಿಕೊಂಡಿತು. ಕೆಲಸ ಹೋದಾಗ ಅಲುಗದಿದ್ದ ಮುಖ.

“ಬೇಡ. ಅವರಿಗೆ ನನ್ನ ವಿಷಯ ಹೇಳ್ಬೇಡಿ.”

ಯಾಕೆ ಎಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ. ಬೇರೆಯದನ್ನು ಕೇಳಿದರು. ಮೊದಲನೇ ಬೋರ್ಡಿನ ಆ ಎರಡು ಪಾದಗಳನ್ನು ನೋಡಿದವರು ಈಗ ಯಾರೂ ಇರಲಾರರು ಎಂದು ಕಾಲಮ್ಮ ಹೇಳಿದರು. ನೀವು ಎಲ್ಲಿ ನೋಡಿದಿರಿ?

“ನೋಡಿದ್ದಲ್ಲ,” ಎಂದರು ಮುಖ್ಯಸ್ಥೆ. “ಬರೆದಿದ್ದು. ಆ ಬೋರ್ಡು ಬರೆದೋಳು ನಾನೇ. ಅದು ಹಾಳಾಗಿದ್ದೂ ನನ್ನಿಂದಲೇ.” ಅವರು ತಮ್ಮ ಅಂಗೈಗಳನ್ನು ಒಂದು ಸಲ ನೋಡಿಕೊಂಡರು. “ಇದನ್ನ ಮಾಡಿದ್ದು ನಾನು ಅಂತ ಗೊತ್ತಾದ್ರೆ ಅವರು ಥ್ಯಾಂಕ್ಸ್ ಹೇಳಲ್ಲ ಸಾರ್. ಇವತ್ತೇ ಛಾವಣಿ ಹತ್ತಿ ಆ ಹೆಸರನ್ನೇ ಕಿತ್ತು ಹಾಕ್ತಾರೆ. ಅಷ್ಟು ಜನ ಕಾರಿಡಾರಲ್ಲಿ ಕಾಯ್ತಿದ್ದಾರೆ ಅಂದ್ರಲ್ಲ, ಅವರಿಗೋಸ್ಕರವಾದ್ರೂ ಸುಮ್ಮನಿರಿ.”

ಸೊಸೆಗೆ ಆ ಗಳಿಗೆಯಲ್ಲಿ ಹೊಳೆಯಿತು, ಪ್ರಿಂಟು ಕಾಲಮ್ಮನ ಹತ್ತಿರವೇ ಉಳಿದಿದೆ, ಅದು ಯಾರ ಕೈಯ ಚಿತ್ರ, ಯಾವ ಕಂಪನಿಯ ಜಾಹೀರಾತು ಎರಡೂ ಅವರಿಗೆ ಗೊತ್ತು ಎಂದು. ಅವಳು ಮಾವನ ತೋಳು ಮುಟ್ಟಿದಳು. ಅವಳು ಹೇಳುವ ಮೊದಲೇ ಮೇಜಿನ ಮೇಲಿನ ಫೋನು ಸದ್ದು ಮಾಡಿತು. ಮುಖ್ಯಸ್ಥೆ ಎತ್ತಲಿಲ್ಲ, ಸ್ಪೀಕರ್ ಗುಂಡಿ ಒತ್ತಿದರು. ರಿಸೆಪ್ಷನ್ನಿನ ಹುಡುಗಿಯ ದನಿ.

“ಮೇಡಂ, ಒಬ್ಬರು ವಯಸ್ಸಾದ ಅಮ್ಮ ಬಂದಿದ್ರು. 'ಚುಕ್ಕಿ' ಅನ್ನೋರನ್ನ ನೋಡ್ಬೇಕಂತೆ. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ.”

ಕಾಲಮ್ಮ ತಮ್ಮನ್ನು ಕರೆಯುತ್ತಿದ್ದ ಆ ಹೆಸರು ಕೇಳಿ ಮುಖ್ಯಸ್ಥೆ ಮೇಜಿನ ಅಂಚನ್ನು ಹಿಡಿದುಕೊಂಡರು.

“ಅವರನ್ನ ಮೇಲೆ ಬಿಡಬೇಡಿ,” ಎಂದರು.

“ಅವರು ಆಗಲೇ ಲಿಫ್ಟ್ ಹತ್ತಿಯಾಯ್ತು ಮೇಡಂ.”